ಬ್ರಾಯ್ಲರ್ ಫೀಡಿಗೆ ಹಾಕುವ ಹರ್ಬಲ್ ಪುಡಿ: ಬಳಸಿ ನೋಡಿದವಳ ಮಾತು

ಬ್ಯಾಡಗಿ ತಾಲೂಕಿನಲ್ಲಿ ನಮ್ಮದು ಸ್ವಂತ ಬ್ರಾಯ್ಲರ್ ಫಾರ್ಮು. ಮರಿಯೂ ಕಂಪನಿಯದು, ಫೀಡೂ ಕಂಪನಿಯದು, ಸಾಕಿ ಕೊಟ್ಟಿದ್ದಕ್ಕೆ ಕಿಲೋಗಿಷ್ಟು ಅಂತ ದುಡ್ಡು, ಆ ಕಾಂಟ್ರ್ಯಾಕ್ಟ್ ಪದ್ಧತಿ ನಮ್ಮಲ್ಲಿಲ್ಲ. ಮರಿ ನಾವೇ ದುಡ್ಡು ಕೊಟ್ಟು ತರುತ್ತೇವೆ. ಗೋವಿನಜೋಳ ಸ್ವಲ್ಪ ನಮ್ಮ ಹೊಲದ್ದು, ಉಳಿದದ್ದು ಅಕ್ಕಪಕ್ಕದ ಊರಿನದು. ಸೋಯಾ ಹಿಂಡಿ ಹೊರಗಿನಿಂದ ಬರುತ್ತದೆ. ಮಿಕ್ಸರ್ ಮನೆಯ ಹಿತ್ತಲಲ್ಲೇ ಇದೆ. ಕೋಳಿಯ ಹೊಟ್ಟೆಗೆ ಏನು ಹೋಗಬೇಕು, ಏನು ಹೋಗಬಾರದು ಅನ್ನುವುದು ಹೀಗಾಗಿ ನನ್ನ ಕೈಯಲ್ಲೇ ಇದೆ. ನನ್ನ ಹಾಗೆ ಫೀಡು ತಾವೇ ಕಲಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಾಂಟ್ರ್ಯಾಕ್ಟ್ ಸಾಕಣೆ ಮಾಡುವವರೂ ಓದಲಿ. ಚೀಲದೊಳಗೆ ಏನು ಹಾಕಿದ್ದೀರಿ ಅಂತ ಕಂಪನಿಯವರನ್ನು ಕೇಳುವ ಹಕ್ಕು ಅವರಿಗೂ ಇದೆ.

ನಾನು ಬಳಸಿ ನೋಡಿದ್ದು ಎರಡು ಸಾಮಾನು. ಒಂದು ಫೀಡಿನಲ್ಲಿ ಬೆರೆಸುವ ಪುಡಿ. ಅಜವಾನದ ಎಣ್ಣೆ, ಓರೆಗಾನೋ ಎಣ್ಣೆ, ದಾಲ್ಚಿನ್ನಿಯ ಸಾರ, ಮೆಣಸಿನಕಾಯಿಯ ಓಲಿಯೋರೆಸಿನ್ (ಅಂದರೆ ಗಟ್ಟಿ ಸಾರ) ಸೇರಿಸಿ, ಎಣ್ಣೆಯ ಸಣ್ಣ ಸಣ್ಣ ಕಣಗಳಿಗೆ ಮೇಲೆ ಕೊಬ್ಬಿನ ಲೇಪ ಕೊಟ್ಟು ಒಣಗಿಸಿದ್ದು. ಎರಡನೆಯದು ಕುಡಿಯುವ ನೀರಿಗೆ ಹಾಕುವ ಟಾನಿಕ್. ನೆಲಬೇವು, ನೆಲನೆಲ್ಲಿ, ಅಶ್ವಗಂಧ, ಅರಿಶಿನ ಅಂತ ಅದರ ಲೇಬಲ್ಲಿನ ಮೇಲಿತ್ತು. ಎರಡನ್ನೂ ಅಂಗಡಿಯವರು ಒಂದೇ ಮಾತು ಹೇಳಿ ಮಾರುತ್ತಾರೆ: ಫೀಡಿನಲ್ಲಿ ಹಾಕುವ ಆಂಟಿಬಯೋಟಿಕ್ ಬಿಡಿ, ಇದನ್ನು ಹಾಕಿ. ಕಂಪನಿಗಳ ಹೆಸರು ನಾನು ಬರೆಯುವುದಿಲ್ಲ. ಇದೇ ಬಗೆಯ ಮಿಶ್ರಣ ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಬಣ್ಣದ ಡಬ್ಬಿಯಲ್ಲಿ ಬರುತ್ತದೆ. ಹೆಸರು ನೋಡಿ ತಂದವರಿಗಿಂತ ಲೇಬಲ್ ಓದಿ ತಂದವರಿಗೇ ಹೆಚ್ಚು ಉಪಯೋಗ. ಪುಡಿ ನನಗೆ ಪಸಂದಾಗಿದೆ, ಟಾನಿಕ್ ಆಗಿಲ್ಲ. ಯಾಕೆ ಅನ್ನುವುದನ್ನು ವಿವರವಾಗಿ ಹೇಳುತ್ತೇನೆ.

ಅದಕ್ಕಿಂತ ಮೊದಲು ಆಂಟಿಬಯೋಟಿಕ್ ಯಾಕೆ ಬಿಡಬೇಕು ಅನ್ನುವುದು ತಿಳಿಯಬೇಕು. ಕೋಳಿಗೆ ಕಾಯಿಲೆ ಬಂದಾಗ ಡಾಕ್ಟರು ಬರೆದುಕೊಟ್ಟ ಔಷಧಿಯನ್ನು ಪೂರ್ತಿ ಪ್ರಮಾಣದಲ್ಲಿ ಕೊಡುವುದು ಬೇರೆ. ಕಾಯಿಲೆಯೇ ಇಲ್ಲದ ಕೋಳಿಗೆ ಮೊದಲ ದಿನದಿಂದ ಕೊನೆಯ ದಿನದವರೆಗೆ ಫೀಡಿನಲ್ಲಿ ಚೂರುಚೂರೇ ತಿನ್ನಿಸುವುದು ಬೇರೆ. ಈ ಎರಡನೆಯದಕ್ಕೇ ಗ್ರೋಥ್ ಪ್ರಮೋಟರ್ ಅನ್ನುತ್ತಾರೆ. 1940ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಕ್ಲೋರ್‌ಟೆಟ್ರಾಸೈಕ್ಲಿನ್ ತಯಾರಿಸಿ ಉಳಿದ ಗಸಿಯನ್ನು ವಿಟಮಿನ್ ಬಿ12ರ ಸಲುವಾಗಿ ಮರಿಗಳಿಗೆ ತಿನ್ನಿಸಿದರು. ಮರಿಗಳು ವಿಟಮಿನ್ನಿನ ಲೆಕ್ಕ ಮೀರಿ ಬೆಳೆದವು. ಗಸಿಯಲ್ಲಿ ಉಳಿದಿದ್ದ ಆಂಟಿಬಯೋಟಿಕ್ಕೇ ಅದಕ್ಕೆ ಕಾರಣ ಅಂತ ಗೊತ್ತಾಯಿತು. ಅಲ್ಲಿಂದ ಶುರುವಾದ ರೂಢಿ ಜಗತ್ತೆಲ್ಲ ಹಬ್ಬಿತು. ನಮ್ಮ ಕಡೆ ಬಿಎಂಡಿ, ಸಿಟಿಸಿ, ಟೈಲೋಸಿನ್ ಅನ್ನುವ ಆಂಟಿಬಯೋಟಿಕ್ಕುಗಳ ಹೆಸರು ಕೇಳದ ಫಾರ್ಮಿನವರು ಯಾರಿದ್ದಾರೆ?

ಚೂರು ಪ್ರಮಾಣದಲ್ಲಿ ಕೊಟ್ಟಾಗ ಕರುಳಿನಲ್ಲಿ ಮೆತ್ತಗಿನ ಬ್ಯಾಕ್ಟೀರಿಯಾ ಸಾಯುತ್ತವೆ, ಔಷಧಿಗೆ ಜಗ್ಗದವು ಉಳಿದು ಸಂತಾನ ಬೆಳೆಸುತ್ತವೆ. ಅವು ಹಿಕ್ಕೆಯಲ್ಲಿ ಹೊರಗೆ ಬರುತ್ತವೆ, ಕೆಲಸದವರ ಕೈಗೆ ಹತ್ತುತ್ತವೆ, ಕೋಳಿ ಕೊಯ್ಯುವ ಕಟ್ಟೆಗೆ ಹೋಗುತ್ತವೆ. ನಮ್ಮ ಶೆಡ್ಡಿನ ಗೊಬ್ಬರ ಪಕ್ಕದ ಹೊಲಗಳಿಗೆ ಹೋಗುತ್ತದೆ, ಅದರ ಜೊತೆ ಅವೂ ಹೋಗುತ್ತವೆ. ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ ವಿಷಯ ಕೊಲಿಸ್ಟಿನ್‌ನದು. ದವಾಖಾನೆಯ ಐಸಿಯುದಲ್ಲಿ ಬೇರೆ ಯಾವ ಔಷಧಿಯೂ ನಾಟದಿದ್ದಾಗ ಮನುಷ್ಯರಿಗೆ ಕೊಡುವ ಕೊನೆಯ ಔಷಧಿಗಳಲ್ಲಿ ಅದೂ ಒಂದು. ಅದನ್ನು ಕೋಳಿ ದಪ್ಪವಾಗಲಿ ಅಂತ ಫೀಡಿಗೆ ಬೆರೆಸುತ್ತಿದ್ದರು. 2019ರ ಜುಲೈನಲ್ಲಿ ಕೇಂದ್ರ ಸರಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ, ಕೋಳಿಗಳಲ್ಲಿ, ಫೀಡ್ ಸಪ್ಲಿಮೆಂಟಿನಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಸ್ವೀಡನ್ನಿನವರು ಗ್ರೋಥ್ ಪ್ರಮೋಟರುಗಳನ್ನೆಲ್ಲ ಬಿಟ್ಟದ್ದು 1986ರಲ್ಲಿ, ಯುರೋಪಿನ ಒಕ್ಕೂಟ ಪೂರ್ತಿ ಬಿಟ್ಟದ್ದು 2006ರ ಜನವರಿ 1ಕ್ಕೆ. ನಮ್ಮಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2014ರಲ್ಲಿ ಆ ಭಾಗದ 70 ಕೋಳಿಮಾಂಸದ ಮಾದರಿ ಪರೀಕ್ಷಿಸಿದಾಗ ಶೇಕಡಾ 40ರಲ್ಲಿ ಆಂಟಿಬಯೋಟಿಕ್ ಶೇಷ ಸಿಕ್ಕಿತ್ತು. 2025ರ ಏಪ್ರಿಲ್ 1ರಿಂದ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ನಿಯಮ ಇನ್ನೂ ಬಿಗಿಯಾಗಿದೆ. ಕಾನೂನು ಬರಲಿ ಬಿಡಲಿ, ನಾನು ಸಾಕಿದ ಕೋಳಿಯನ್ನು ಬಾಣಂತಿಯರೂ ತಿನ್ನುತ್ತಾರೆ, ಸಣ್ಣ ಮಕ್ಕಳೂ ತಿನ್ನುತ್ತಾರೆ. ನನಗೆ ಆ ಕಾರಣವೇ ಸಾಕು.

ಇನ್ನು ಪುಡಿಯ ವಿಷಯ.

ತರುವ ಮೊದಲು ನಾನು ನೋಡಿದ್ದು ಲೇಬಲ್ಲು. ಈ ಪುಡಿಯ ಡಬ್ಬಿಯ ಮೇಲೆ ಎಣ್ಣೆಗಳಲ್ಲಿ ಕೆಲಸ ಮಾಡುವ ಅಂಶಗಳಾದ ಕಾರ್ವಕ್ರಾಲ್, ಥೈಮಾಲ್, ಸಿನಮಾಲ್ಡಿಹೈಡ್ ಶೇಕಡಾ ಎಷ್ಟೆಷ್ಟು ಇವೆ ಅಂತ ಅಂಕಿಯಲ್ಲಿ ಅಚ್ಚು ಹಾಕಿದ್ದರು. ಇದು ಬಹಳ ಮುಖ್ಯ. ಬರೀ ‘ಅಜವಾನದ ಎಣ್ಣೆ ಇದೆ’ ಅಂದರೆ ಏನೂ ಹೇಳಿದಂತಾಗುವುದಿಲ್ಲ. ಅಜವಾನದ ಎಣ್ಣೆಯಲ್ಲಿ ಕೆಲಸ ಮಾಡುವುದು ಥೈಮಾಲ್. ಅದು ಒಂದು ಕಡೆಯ ಬೆಳೆಯಲ್ಲಿ ಶೇಕಡಾ 35 ಇದ್ದರೆ ಇನ್ನೊಂದು ಕಡೆಯದರಲ್ಲಿ 60ರವರೆಗೂ ಇರುತ್ತದೆ. ನೆಲ, ಹವಾಮಾನ, ಕೊಯ್ಲಿನ ಹೊತ್ತು, ಎಣ್ಣೆ ತೆಗೆದ ರೀತಿ ಎಲ್ಲದರ ಮೇಲೂ ಅದು ನಿಂತಿದೆ. ಒಬ್ಬರ ಫಾರ್ಮಿನಲ್ಲಿ ಹರ್ಬಲ್ ಸಾಮಾನು ಚಲೋ ಕೆಲಸ ಮಾಡಿ, ಇನ್ನೊಬ್ಬರಲ್ಲಿ ಏನೂ ಆಗಲಿಲ್ಲ ಅನ್ನುವ ಮಾತು ಹುಟ್ಟುವುದು ಬಹಳ ಸಲ ಇಲ್ಲಿಂದಲೇ. ಸಕ್ರಿಯ ಅಂಶ ಎಷ್ಟು ಅಂತ ಬರೆಯದ ಡಬ್ಬಿಯನ್ನು ನಾನು ಕೈಯಿಂದ ಮುಟ್ಟುವುದಿಲ್ಲ.

ಈ ಎಣ್ಣೆಗಳು ಮಾಡುವ ಕೆಲಸ ಮುಖ್ಯವಾಗಿ ಎರಡು. ಕಾರ್ವಕ್ರಾಲ್, ಥೈಮಾಲ್ ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿ ಕರಗಿ ಸೇರಿಕೊಂಡು ಅದನ್ನು ಸಡಿಲ ಮಾಡುತ್ತವೆ, ಒಳಗಿನ ಲವಣಗಳು ಸೋರಿ ಅದು ಸಾಯುತ್ತದೆ. ಜೊತೆಗೆ ಇವು ಕೋಳಿಯ ಜೀರ್ಣರಸಗಳು ಹೆಚ್ಚು ಸುರಿಯುವಂತೆ ಮಾಡುತ್ತವೆ. ತಿಂದದ್ದು ಚೆನ್ನಾಗಿ ಅರಗಿದರೆ ಕೆಳಗಿನ ಕರುಳಿನಲ್ಲಿ ಕೆಟ್ಟ ಬ್ಯಾಕ್ಟೀರಿಯಾಕ್ಕೆ ತಿನ್ನಲು ಉಳಿಯುವುದು ಕಡಿಮೆ. ಲೇಪ ಯಾಕೆ ಬೇಕು ಅಂದರೆ, ಬರೀ ಎಣ್ಣೆ ಕೊಟ್ಟರೆ ಬಹುಪಾಲು ಕರುಳಿನ ಮೇಲ್ಭಾಗದಲ್ಲೇ ರಕ್ತಕ್ಕೆ ಸೇರಿಹೋಗುತ್ತದೆ. ತೊಂದರೆ ಕೊಡುವ ಕ್ಲಾಸ್ಟ್ರಿಡಿಯಂ, ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ ಇರುವುದು ಕೆಳಗೆ. ಪೆಲೆಟ್ ಫೀಡು, ಅಂದರೆ ಬಿಸಿಯಲ್ಲಿ ಒತ್ತಿದ ಗುಳಿಗೆ ಫೀಡು ಮಾಡುವವರಿಗಂತೂ ಲೇಪ ಇರಲೇಬೇಕು. ಪೆಲೆಟ್ ಮಶೀನಿನ 80 ಡಿಗ್ರಿ ಬಿಸಿಗೆ ಬರೀ ಎಣ್ಣೆ ಹಾರಿಹೋಗುತ್ತದೆ. ನಮ್ಮದು ಮ್ಯಾಶ್, ಅಂದರೆ ಬರೀ ನುಚ್ಚಿನ ಫೀಡು, ಆ ಚಿಂತೆ ಇಲ್ಲ. ಆದರೂ ಲೇಪದ ಪುಡಿಯನ್ನೇ ತರುತ್ತೇನೆ.

ಲೇಬಲ್ಲಿನಲ್ಲಿ ಮೆಣಸಿನಕಾಯಿ ಅಂತ ಓದಿ ನಮ್ಮ ಮನೆಯವರು ಗಾಬರಿಯಾದರು. “ಕೋಳಿಗಿ ಖಾರ ತಿನ್ನಸ್ತೀಯೇನು?” ಅಂತ ಕೇಳಿದರು. ಬ್ಯಾಡಗಿ ಸೀಮೆಯಲ್ಲಿ ಹುಟ್ಟಿದವರು ಇದನ್ನು ಕಣ್ಣಾರೆ ಕಂಡಿರುತ್ತಾರೆ: ಗಿಣಿಗಳು ಹಣ್ಣು ಮೆಣಸಿನಕಾಯಿಯನ್ನು ಕಚ್ಚಿ ಕಚ್ಚಿ ತಿನ್ನುತ್ತವೆ, ಅವಕ್ಕೆ ಏನೂ ಆಗುವುದಿಲ್ಲ. ಖಾರದ ಅಂಶವಾದ ಕ್ಯಾಪ್ಸೈಸಿನ್ ನಮ್ಮ ನಾಲಿಗೆಯ ಯಾವ ನರವನ್ನು ಉರಿಸುತ್ತದೋ, ಹಕ್ಕಿಗಳಲ್ಲಿ ಆ ನರಕ್ಕೆ ಕ್ಯಾಪ್ಸೈಸಿನ್ ನಾಟುವುದೇ ಇಲ್ಲ. ಕೋಳಿಯೂ ಹಕ್ಕಿಯೇ. ಅಂದಹಾಗೆ, ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಓಲಿಯೋರೆಸಿನ್ ಕಾರ್ಖಾನೆಗಳಲ್ಲಿ ಬೆಲೆ ಇರುವುದು ಬಣ್ಣಕ್ಕೆ. ಅದರಲ್ಲಿ ಖಾರ ಕಡಿಮೆ. ಫೀಡಿನ ಪುಡಿಗೆ ಬೇಕಾದದ್ದು ಖಾರದ ಸಾರ, ಅದಕ್ಕೆ ಬೇರೆ ಜಾತಿಯ ಕಾಯಿ ಬೇಕು.

ಡಬ್ಬಿ ತೆರೆದ ಕೂಡಲೇ ಅಜವಾನದ ಘಾಟು ಮೂಗಿಗೆ ಹೊಡೆಯುತ್ತದೆ, ಅದರ ಹಿಂದೆ ದಾಲ್ಚಿನ್ನಿಯ ಸಿಹಿ ವಾಸನೆ. ಪುಡಿ ತಿಳಿ ಕಂದು ಬಣ್ಣದ್ದು. ಬೆರಳಲ್ಲಿ ಉಜ್ಜಿದರೆ ಸಣ್ಣ ಸಣ್ಣ ಮಣಿ ಸಿಗುತ್ತವೆ, ಉಗುರಿನಿಂದ ಒತ್ತಿದಾಗ ಒಡೆದು ಜಿಡ್ಡು ಬಿಡುತ್ತವೆ, ಆಗ ವಾಸನೆ ಇನ್ನೂ ಜೋರಾಗುತ್ತದೆ. ಗಂಟು ಕಟ್ಟಿರಲಿಲ್ಲ. ಡಬ್ಬಿಯೊಳಗೆ ಪ್ಲಾಸ್ಟಿಕ್ ಚೀಲ, ಅದರ ಬಾಯಿಗೆ ಸೀಲ್. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಶೆಡ್ಡಿನೊಳಗೆ ಇಡಬೇಡಿ. ನಾನು ಮನೆಯೊಳಗೆ ಕಾಳಿನ ಕೋಣೆಯಲ್ಲಿ, ಬಿಸಿಲು ತಾಗದ ಕಡೆ ಇಡುತ್ತೇನೆ. ತೆರೆದಿಟ್ಟರೆ ವಾಸನೆ ಇಳಿಯುತ್ತದೆ. ಈ ಸಾಮಾನಿನಲ್ಲಿ ವಾಸನೆ ಹೋಯಿತು ಅಂದರೆ ಗುಣವೂ ಅಷ್ಟರ ಮಟ್ಟಿಗೆ ಹೋದಂತೆಯೇ.

ಇದರ ಪ್ರಮಾಣ ಒಂದು ಟನ್ ಫೀಡಿಗೆ 200 ಗ್ರಾಂ. ಸಾವಿರ ಕಿಲೋಗೆ ಅಂಗೈಯಲ್ಲಿ ಹಿಡಿಯುವಷ್ಟು ಪುಡಿ. ಇದನ್ನು ನೇರವಾಗಿ ಮಿಕ್ಸರಿಗೆ ಸುರಿದರೆ ಒಂದು ಚೀಲಕ್ಕೆ ಪೂರ್ತಿ ಹೋಗಿ ಇನ್ನೊಂದಕ್ಕೆ ಏನೂ ಸಿಗುವುದಿಲ್ಲ. ಮೊದಲು ಒಂದು ಬುಟ್ಟಿ ಗೋವಿನಜೋಳದ ನುಚ್ಚಿನಲ್ಲಿ ಕೈಯಿಂದ ಕಲಸಬೇಕು. ಆಮೇಲೆ ಅದನ್ನು ಮಿನರಲ್, ವಿಟಮಿನ್ ಪ್ರಿಮಿಕ್ಸಿನ ಜೊತೆ ಅರ್ಧ ಚೀಲ ನುಚ್ಚಿನಲ್ಲಿ ತಿರುವಬೇಕು, ಕೊನೆಗೆ ಮಿಕ್ಸರಿಗೆ ಹಾಕಬೇಕು. ಕಂಪನಿಯ ಚೀಟಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಪ್ರಮಾಣ ಬರೆದು ಕೈತೊಳೆದುಕೊಂಡಿದ್ದಾರೆ. ಸಣ್ಣ ಫಾರ್ಮಿನವರಿಗೆ ಮಾರುವವರು ಇದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಬೇಕು.

ಫಲಿತಾಂಶಕ್ಕೆ ಬರುತ್ತೇನೆ. ಅಂಗಡಿಯವರ ಮಾತು, ಚೀಟಿಯ ಮೇಲಿನ ಗ್ರಾಫು ಯಾವುದನ್ನೂ ನಂಬಬೇಕಿಲ್ಲ, ಯಾರು ಬೇಕಾದರೂ ತಮ್ಮ ಶೆಡ್ಡಿನಲ್ಲೇ ನೋಡಬಹುದು. ಒಂದೇ ಶೆಡ್ಡಿನ ನಡುವೆ ಜಾಳಿಗೆ ಕಟ್ಟಿಸಿದೆ. ಎರಡೂ ಕಡೆ ಒಂದೇ ಹ್ಯಾಚರಿಯ, ಒಂದೇ ದಿನದ ಮರಿ, ಸಮ ಸಂಖ್ಯೆ. ಫೀಡು ಒಂದೇ, ಒಂದು ಕಡೆಯ ಫೀಡಿಗೆ ಪುಡಿ ಬೆರೆತಿತ್ತು, ಇನ್ನೊಂದಕ್ಕೆ ಏನೂ ಇಲ್ಲ. ಆಂಟಿಬಯೋಟಿಕ್ ಎರಡಕ್ಕೂ ಇಲ್ಲ. ಪುಡಿ ಬೆರೆತ ಚೀಲಗಳ ಬಾಯಿಗೆ ಕೆಂಪು ದಾರ. ತೂಕ ಮಾಡುವ ಹುಡುಗನಿಗೆ ಯಾವುದು ಯಾವುದು ಅಂತ ಹೇಳಿರಲಿಲ್ಲ.

ಬೇಸಿಗೆಗೆ ಮುಂಚಿನ ಒಣ ದಿನಗಳ ಬ್ಯಾಚಿನಲ್ಲಿ ತೂಕದ ವ್ಯತ್ಯಾಸ ಇದ್ದೂ ಇಲ್ಲದಂತಿತ್ತು. ಹೊಸ ಹೊಟ್ಟು ಹಾಸಿದ್ದೆವು, ಶೆಡ್ಡು ಸುಣ್ಣ ಹೊಡೆದು ಸಾಕಷ್ಟು ದಿನ ಖಾಲಿ ಬಿಟ್ಟಿದ್ದೆವು, ಗಾಳಿ ಚೆನ್ನಾಗಿ ಆಡುತ್ತಿತ್ತು. ಮರಿಗಳಿಗೆ ತೊಂದರೆಯೇ ಇರಲಿಲ್ಲ, ಪುಡಿ ಯಾವುದನ್ನು ತಡೆಯಬೇಕು? ಆಂಟಿಬಯೋಟಿಕ್ಕಿನ ಕಥೆಯೂ ಇದೇ. 1960ರ ದಶಕದಲ್ಲೇ ವಿಜ್ಞಾನಿಗಳು ಸೂಕ್ಷ್ಮಜೀವಿಯೇ ಇಲ್ಲದ ಜಾಗದಲ್ಲಿ ಮರಿ ಸಾಕಿ ನೋಡಿದ್ದಾರೆ. ಅಂಥ ಮರಿಗಳಿಗೆ ಆಂಟಿಬಯೋಟಿಕ್ ತಿನ್ನಿಸಿದರೂ ಬೆಳವಣಿಗೆ ಹೆಚ್ಚಲಿಲ್ಲ. ಅಂದರೆ ಗ್ರೋಥ್ ಪ್ರಮೋಟರ್ ಅನ್ನುವ ಸಾಮಾನಿಗೆ ತಾನಾಗಿ ಬೆಳೆಸುವ ಶಕ್ತಿ ಇಲ್ಲ, ಅದು ಮುಚ್ಚಿಡುತ್ತಿದ್ದದ್ದು ಶೆಡ್ಡಿನ ಕೊಳೆಯನ್ನು. ಡೆನ್ಮಾರ್ಕಿನ ಬ್ರಾಯ್ಲರ್ ಸಾಕಣೆದಾರರು 1998ರಲ್ಲಿ ಬಿಟ್ಟಾಗ ಒಂದು ಕಿಲೋ ತೂಕಕ್ಕೆ ಖರ್ಚಾಗುವ ಫೀಡು 16 ಗ್ರಾಂನಷ್ಟು ಮಾತ್ರ ಹೆಚ್ಚಾಯಿತು. ಅಷ್ಟಕ್ಕೇ ಜಗತ್ತು ಮುಳುಗುತ್ತದೆ ಅಂತ ನಮಗೆ ಇಷ್ಟು ವರ್ಷ ಹೆದರಿಸಿದರು.

ಪುಡಿಯ ಕಸುವು ಕಂಡದ್ದು ಮಳೆಗಾಲದ ಬ್ಯಾಚಿನಲ್ಲಿ. ಜುಲೈ ತಿಂಗಳ ಜಿಟಿಜಿಟಿ ಮಳೆ ಹಿಡಿದರೆ ನಮ್ಮ ಕಡೆ ಶೆಡ್ಡಿನ ಪರದೆ ಎತ್ತುವುದೇ ಕಷ್ಟ. ಗಾಳಿ ಇಲ್ಲ, ಹೊಟ್ಟು ಹಸಿ, ಅಮೋನಿಯಾಕ್ಕೆ ಕಣ್ಣುರಿ. ಅಂಥ ಹೊತ್ತಿನಲ್ಲಿ ಮೂರನೇ ವಾರ ದಾಟುತ್ತಲೇ ಜಾಳಿಗೆಯ ಎರಡು ಕಡೆಯ ನೆಲ ಬೇರೆ ಬೇರೆಯಾಗಿ ಕಾಣತೊಡಗಿತು. ಪುಡಿ ಇಲ್ಲದ ಕಡೆ ಫೀಡರಿನ ಕೆಳಗೆ ಹಿಕ್ಕೆ ನೀರುನೀರಾಗಿ, ಕಿತ್ತಳೆ ಬಣ್ಣದ ಲೋಳೆ ಸೇರಿ, ಅರಗದ ನುಚ್ಚು ಹಾಗೇ ಬೀಳುತ್ತಿತ್ತು. ಪುಡಿ ಇದ್ದ ಕಡೆ ಹಿಕ್ಕೆ ಗಟ್ಟಿ, ಮೇಲೆ ಬಿಳಿ ಟೋಪಿ. ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿ ಬಿಟ್ಟರೆ ಒಂದು ಕಡೆಯದು ಉಂಡೆಯಾಗಿ ಅಂಗೈಯಲ್ಲೇ ಕೂತಿತು, ಇನ್ನೊಂದು ಕಡೆಯದು ಬಿರಿದು ಉದುರಿತು. ಕೋಳಿಯ ಕಾಲಿನ ಅಡಿ ನೋಡಿದೆ. ಹಸಿ ಕಡೆಯವಕ್ಕೆ ಕರಿ ಹುಣ್ಣು ಏಳುತ್ತಿದ್ದವು. ಲಿಫ್ಟಿಂಗ್ ಹೊತ್ತಿಗೆ, ಅಂದರೆ ಕೋಳಿ ಮಾರಲು ಎತ್ತುವಾಗ, ಪುಡಿ ತಿಂದ ಕಡೆ ಒಂದು ಕಿಲೋ ತೂಕಕ್ಕೆ ಖರ್ಚಾದ ಫೀಡಿನ ಲೆಕ್ಕವಾದ ಎಫ್‌ಸಿಆರ್ 1.6ರ ಆಸುಪಾಸಿನಲ್ಲೇ ನಿಂತಿತು, ಇನ್ನೊಂದು ಕಡೆ ಅದನ್ನು ದಾಟಿತು. ತೂಕವೂ ಪುಡಿಯ ಕಡೆ ಸಮನಾಗಿ ಬಂದಿತ್ತು. ವ್ಯಾಪಾರಿ ಕೇಳುವುದು ಸಮ ತೂಕದ ಕೋಳಿಯನ್ನೇ.

ನಮ್ಮ ತಾಲೂಕಿನ ಡಾಕ್ಟರು ಗದಗಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿ ಬಂದ ಹುಡುಗ. ಎರಡೂ ಕಡೆಯಿಂದ ಒಂದೊಂದು ಕೋಳಿ ಹಿಡಿದು ಕೊಯ್ದು ತೋರಿಸಿದರು. ಕತ್ತರಿಯಿಂದ ಕರುಳನ್ನು ಉದ್ದಕ್ಕೆ ಸೀಳಿ, “ಇಲ್ನೋಡ್ರಿ ಅಕ್ಕಾರ, ಅಂಚು ತಾನಾ ಒಳಗ ಸುರುಳಿ ಆಗ್ತೈತಿ. ಇದು ಗಟ್ಟಿ ಕರುಳು,” ಅಂದರು. ಪುಡಿ ಇಲ್ಲದ ಕಡೆಯದರ ಕರುಳು ಸೀಳಿದರೆ ಹಾಗೇ ಜೋತು ಬಿತ್ತು, ಗೋಡೆ ತೆಳ್ಳಗೆ, ಆಚೆಯ ಬೆರಳು ಕಾಣುವಷ್ಟು. ಒಳಗೆ ಗುಳ್ಳೆಗುಳ್ಳೆ ನೊರೆ. ರೋಗ ಇನ್ನೂ ಮುಂದೆ ಹೋಗಿದ್ದರೆ ಒಳಗೋಡೆ ಸುಲಿದು ಟರ್ಕಿ ಟವೆಲ್ಲಿನ ಹಾಗೆ ಒರಟಾಗುತ್ತಿತ್ತು, ಅದೇ ನೆಕ್ರೋಟಿಕ್ ಎಂಟರೈಟಿಸ್, ಕ್ಲಾಸ್ಟ್ರಿಡಿಯಂನ ಕೆಲಸ ಅಂತ ವಿವರಿಸಿದರು. ಆ ಕಡೆಗೆ ತಕ್ಷಣ ಹೊಟ್ಟು ಬದಲಿಸಿ, ಚಿಕಿತ್ಸೆಯ ಔಷಧಿ ಬರೆದುಕೊಟ್ಟರು. ಕಾಯಿಲೆ ಬಂದ ಮೇಲೆ ಔಷಧಿ ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಔಷಧಿ ಕೋಳಿಯ ಮೈಯಿಂದ ಇಳಿದುಹೋಗುವಷ್ಟು ದಿನ ಅವನ್ನು ಮಾರಬಾರದು, ಅದರಲ್ಲೂ ಎರಡು ಮಾತಿಲ್ಲ.

ಪುಡಿಗೆ ಈ ಕಾಯುವ ದಿನಗಳ ತಾಪತ್ರಯ ಇಲ್ಲ. ಇದನ್ನು ಅನುಭವಿಸಿದವರಿಗೇ ಗೊತ್ತು. ರೇಟು ಬೀಳುವ ಸುಳಿವು ಸಿಕ್ಕರೆ ವ್ಯಾಪಾರಿ ರಾತ್ರೋರಾತ್ರಿ ಗಾಡಿ ಕಳಿಸುತ್ತಾನೆ. ಫೀಡಿನಲ್ಲಿ ಟೆಟ್ರಾಸೈಕ್ಲಿನ್ ಇದ್ದರೆ ಆ ದಿನ ಕೋಳಿ ಕೊಡುವುದು ತಪ್ಪು, ಕೊಡದಿದ್ದರೆ ನಷ್ಟ. ಈಗ ಪುಡಿಯ ಕಾರಣಕ್ಕೆ ಗಾಡಿ ತಡೆಯಬೇಕಿಲ್ಲ. ಮಾಂಸಕ್ಕೆ ಅಜವಾನದ ವಾಸನೆ ಬರುತ್ತದೆಯೇ ಅಂತ ಹಾವೇರಿಯ ಒಂದು ಅಂಗಡಿಯವರು ಕೇಳಿದರು. ಬರುವುದಿಲ್ಲ. ಮನೆಯಲ್ಲಿ ಸಾರು ಮಾಡಿ ತಿಂದಿದ್ದೇವೆ, ಎಂದಿನ ರುಚಿಯೇ ಇತ್ತು.

ಟಾನಿಕ್ಕಿನ ಕಥೆ ಬೇರೆ. ಅದನ್ನು ಮಾರಲು ಬಂದ ಕಂಪನಿಯ ಹುಡುಗ ಚಂದದ ಚೀಟಿ ತಂದಿದ್ದ, ಮೇಲೆ ಹಸಿರು ಗುಡ್ಡದ ಚಿತ್ರ, ಕಪ್ಪತಗುಡ್ಡದ ಗಿಡಮೂಲಿಕೆ ಅಂತ ಬರಹ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅಲ್ಲಿಂದ ಟ್ಯಾಂಕರುಗಟ್ಟಲೆ ಟಾನಿಕ್ಕಿಗೆ ಬೇಕಾಗುವಷ್ಟು ಬೇರು, ಸೊಪ್ಪು ಯಾರು ಕೀಳಲು ಬಿಟ್ಟರು ಅಂತ ಕೇಳಿದೆ, ಉತ್ತರ ಬರಲಿಲ್ಲ. ಲೇಬಲ್ಲಿನಲ್ಲಿ ಗಿಡಗಳ ಹೆಸರಿದ್ದವು, ಯಾವುದು ಎಷ್ಟು ಅನ್ನುವುದು ಇರಲಿಲ್ಲ. ಆಮೇಲೆ ಆ ಹುಡುಗ ಹೇಳಿದ್ದು ನನಗೆ ಇನ್ನೂ ಸಿಟ್ಟು ತರಿಸಿತು: “ಇದನ್ನ ಕುಡಿಸ್ರಿ ಅಕ್ಕಾರ, ರಾಣಿಖೇತನೂ ಬರೂದಿಲ್ಲ, ಗಂಬೋರೋನೂ ಬರೂದಿಲ್ಲ.” ಹಾಗಾದರೆ ಲಸಿಕೆ ಅಂತ ಕೇಳಿದ್ದಕ್ಕೆ, “ಬಿಟ್ರೂ ನಡೀತೈತ್ರಿ,” ಅಂದ. ಅವೆರಡೂ ವೈರಸ್ ರೋಗ. ಬ್ಯಾಕ್ಟೀರಿಯಾ ಕೊಲ್ಲುವ ಆಂಟಿಬಯೋಟಿಕ್ಕೇ ಅವುಗಳಿಗೆ ನಾಟುವುದಿಲ್ಲ. ಲಸಿಕೆ ಒಂದೇ ದಾರಿ. ಇವನ ಮಾತು ಕೇಳಿ ಲಸಿಕೆ ಬಿಟ್ಟ ಮನೆಯಲ್ಲಿ ಸಾಲ ಮಾಡಿ ತಂದ ಮರಿಗಳು ಒಂದು ವಾರದಲ್ಲಿ ಗುಂಡಿ ಸೇರುತ್ತವೆ. ಇಂಥ ಮಾತಾಡಿ ಸಾಮಾನು ಮಾರುವುದು ಅನ್ಯಾಯ.

ಆದರೂ ಸಾಮಾನನ್ನು ಸಾಮಾನಾಗಿ ನೋಡೋಣ ಅಂತ ಒಂದು ಕಡೆಯ ನೀರಿನ ಲೈನಿಗೆ ಬಿಟ್ಟೆ. ಅಂಟು ಅಂಟು, ಬೆಲ್ಲದ ಪಾಕದ ವಾಸನೆ. ಕೋಳಿಗಳು ಮೊದಲ ದಿನ ಖುಷಿಯಿಂದ ಕುಡಿದವು. ಸಿಹಿ ಇದ್ದ ನೀರು ಪೈಪಿನೊಳಗೆ ನಿಂತರೆ ಏನಾಗುತ್ತದೆ ಅನ್ನುವುದು ಕೆಲವೇ ದಿನಕ್ಕೆ ತಿಳಿಯಿತು. ಕೋಳಿ ನೀರು ಕುಡಿಯುವ ನಿಪ್ಪಲ್ ಬಿಚ್ಚಿ ನೋಡಿದರೆ ಒಳಗೆ ಬೂದು ಬಣ್ಣದ ಲೋಳೆ, ಕೆಲವು ನಿಪ್ಪಲ್ ಕಟ್ಟಿದ್ದವು, ಕೆಲವು ಮುಚ್ಚಿಕೊಳ್ಳದೆ ತೊಟ್ಟಿಕ್ಕುತ್ತಿದ್ದವು. ತೊಟ್ಟಿಕ್ಕಿದ ಕಡೆಯೆಲ್ಲ ಹೊಟ್ಟು ಹಸಿ. ಕರುಳಿಗೆ ಒಳ್ಳೆಯದು ಅಂತ ಕೊಟ್ಟದ್ದು ಕರುಳು ಕೆಡಿಸುವ ಕೊಳೆಯನ್ನೇ ಪೈಪಿನಲ್ಲಿ ಬೆಳೆಸಿತು. ಲೈನೆಲ್ಲ ತೊಳೆಸಿ, ಉಳಿದ ಕ್ಯಾನನ್ನು ಅಂಗಡಿಗೆ ವಾಪಸು ಕೊಟ್ಟೆ. ಗಿಡಗಳ ಮೇಲೆ ನನ್ನ ತಕರಾರಿಲ್ಲ. ನೆಲಬೇವು, ನೆಲನೆಲ್ಲಿ ಯಕೃತ್ತಿಗೆ ಒಳ್ಳೆಯದು ಅಂತ ನಮ್ಮ ಹಿರಿಯರೂ ನಂಬಿದ್ದರು, ಈಗ ಅಧ್ಯಯನಗಳೂ ನಡೆದಿವೆ. ತಕರಾರು ಇರುವುದು ಅಳತೆ ಹೇಳದೆ, ಸಿಹಿ ನೀರಿನಲ್ಲಿ ಕದಡಿ ಮಾರುವ ರೀತಿಯ ಮೇಲೆ.

ಮನೆಯ ಅರಿಶಿನ, ಬೆಳ್ಳುಳ್ಳಿ, ಅಜವಾನ ಅರೆದು ಹಾಕಿದರೆ ಸಾಲದೇ ಅಂತ ನಮ್ಮೂರಲ್ಲಿ ಬಹಳ ಮಂದಿ ಕೇಳುತ್ತಾರೆ. ಹಿತ್ತಲ ಕೋಳಿಗೆ ಹಾಕಿರಿ, ಒಳ್ಳೆಯದೇ. ಸಾವಿರಾರು ಬ್ರಾಯ್ಲರಿಗೆ ಲೆಕ್ಕ ಕೂಡುವುದಿಲ್ಲ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದೇ ಶೇಕಡಾ ಮೂರರ ಆಸುಪಾಸು. ಫೀಡಿನಲ್ಲಿ ಅರ್ಧ ಪರ್ಸೆಂಟ್ ಅರಿಶಿನದ ಪುಡಿ ಹಾಕಬೇಕೆಂದರೂ ಟನ್ನಿಗೆ 5 ಕಿಲೋ ಅರಿಶಿನ ಬೇಕು. ಪೇಟೆಯ ಪುಡಿಯಲ್ಲಿ ಬಣ್ಣ ಬೆರೆತಿಲ್ಲ ಅನ್ನುವ ಭರವಸೆ ಯಾರು ಕೊಡುತ್ತಾರೆ?

ಖರ್ಚಿನ ಲೆಕ್ಕ ನೋಡಿ. ಪುಡಿ ನನಗೆ ಬಿದ್ದದ್ದು ಕಿಲೋಗೆ 800 ರೂಪಾಯಿ. ಟನ್ ಫೀಡಿಗೆ 200 ಗ್ರಾಂ, ಅಂದರೆ 160 ರೂಪಾಯಿ. 2.1 ಕಿಲೋ ಕೋಳಿ ಬೆಳೆಯಲು ಸುಮಾರು 3.4 ಕಿಲೋ ಫೀಡು ತಿನ್ನುತ್ತದೆ. ಒಂದು ಕೋಳಿಗೆ 55 ಪೈಸೆ ಬಿತ್ತು. ಒಂದು ಸತ್ತ ಕೋಳಿಯ ನಷ್ಟಕ್ಕೆ ಎಷ್ಟು ಕೋಳಿಗಳ ಪುಡಿ ಬರುತ್ತದೆ ಅಂತ ನೀವೇ ಎಣಿಸಿಕೊಳ್ಳಿ. ಒಣ ಹವೆಯ, ಸ್ವಚ್ಛ ಶೆಡ್ಡಿನ ಬ್ಯಾಚಿನಲ್ಲಿ ಆ 55 ಪೈಸೆ ವಾಪಸು ಬರುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆಗ ಬರೀ ಮೊದಲ ದಿನಗಳ ಪ್ರಿ-ಸ್ಟಾರ್ಟರ್, ಸ್ಟಾರ್ಟರ್ ಫೀಡಿಗೆ ಹಾಕಿ, ಕೊನೆಯ ದಿನಗಳ ಫಿನಿಶರಿಗೆ ಬಿಟ್ಟರೂ ನಡೆಯುತ್ತದೆ. ಮಳೆಗಾಲದಲ್ಲಿ ಕೊನೆಯವರೆಗೂ ಹಾಕಬೇಕು.

ಒಂದು ಎಚ್ಚರಿಕೆ. ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್‌ಗೆ ಫೀಡಿನಲ್ಲಿ ಹಾಕುವ ಸಲಿನೋಮೈಸಿನ್, ಮಡುರಾಮೈಸಿನ್‌ನಂಥವನ್ನು ಪುಡಿ ಸಿಕ್ಕಿತು ಅಂತ ಒಮ್ಮೆಲೇ ನಿಲ್ಲಿಸಬೇಡಿ. ಅವು ಮನುಷ್ಯರ ಚಿಕಿತ್ಸೆಗೆ ಬಳಸುವ ಔಷಧಿಗಳಲ್ಲ, ಡೆನ್ಮಾರ್ಕಿನವರೂ ಅವನ್ನು ಬಿಡಲಿಲ್ಲ. ಆ ರೋಗ ತರುವ ಕಾಕ್ಸಿಡಿಯಾ ಅನ್ನುವ ಸೂಕ್ಷ್ಮಜೀವಿ ಕರುಳಿನ ಗೋಡೆ ಕೆರೆದ ಮೇಲೆ ಬಹಳ ಸಲ ಕ್ಲಾಸ್ಟ್ರಿಡಿಯಂಗೆ ದಾರಿ ಸಿಗುತ್ತದೆ. ಗೋವಿನಜೋಳಕ್ಕೆ ಬೂಜು ಹಿಡಿದಿದ್ದರೆ ಅದಕ್ಕೂ ಈ ಪುಡಿ ಮದ್ದಲ್ಲ. ನಮ್ಮ ಜಿಲ್ಲೆಯಲ್ಲಿ ಮಳೆಗೆ ಸಿಕ್ಕ ಗೋವಿನಜೋಳ ರಸ್ತೆಯ ಮೇಲೆ ಒಣಗುವುದು ಎಲ್ಲರಿಗೂ ಗೊತ್ತು. ಬೂಜಿನ ವಿಷವಾದ ಅಫ್ಲಾಟಾಕ್ಸಿನ್ ಯಕೃತ್ತಿಗೆ ಹೊಡೆದರೆ ಯಾವ ಎಣ್ಣೆಯೂ ಉಳಿಸುವುದಿಲ್ಲ. ಕಾಳು ಒಣಗಿಸಿಯೇ ಒಡೆಸಬೇಕು.

ಅಂಗಡಿಯ ಬಗ್ಗೆಯೂ ಹೇಳಬೇಕು. ಹುಬ್ಬಳ್ಳಿಯಲ್ಲಿ ನಾನು ಪುಡಿ ತರುವ ಅಂಗಡಿಯವರು ಡಬ್ಬಿಯ ತಯಾರಿಕೆಯ ತಿಂಗಳು ನೋಡಿ, ಹೊಸದನ್ನೇ ಕೊಡುತ್ತಾರೆ, ಪಕ್ಕಾ ಬಿಲ್ಲು ಕೊಡುತ್ತಾರೆ. ಟಾನಿಕ್ ವಾಪಸು ಒಯ್ದಾಗ ಮುಖ ಗಂಟು ಹಾಕಲಿಲ್ಲ, ತೆರೆಯದ ಕ್ಯಾನಿನ ದುಡ್ಡು ಮುರಿದುಕೊಟ್ಟರು. ಒಂದೇ ಕೊರತೆ, ಬ್ಯಾಚಿನ ಲ್ಯಾಬ್ ರಿಪೋರ್ಟ್ ಕೇಳಿದರೆ “ಕಂಪನ್ಯಾಗ ಕೇಳಿ ತರಸ್ತೇನ್ರಿ” ಅನ್ನುತ್ತಾರೆ, ಅದು ಬರುವಷ್ಟರಲ್ಲಿ ಡಬ್ಬಿ ಖಾಲಿಯಾಗಿರುತ್ತದೆ. ಈ ಸಲ ರಿಪೋರ್ಟ್ ಮೊದಲು, ದುಡ್ಡು ಆಮೇಲೆ ಅಂತ ಹೇಳಿ ಬಂದಿದ್ದೇನೆ. ಮಳೆಗಾಲದ ಬ್ಯಾಚಿಗೆ ಬೇಕಾದಷ್ಟು ಪುಡಿ ಬರೆಸಿದ್ದೇನೆ. ನೀವೂ ತರುವವರಿದ್ದರೆ ಥೈಮಾಲ್, ಕಾರ್ವಕ್ರಾಲ್ ಎಷ್ಟಿದೆ ಅಂತ ಅಂಗಡಿಯಲ್ಲಿ ಗಟ್ಟಿಯಾಗಿ ಕೇಳಿ. ನಾಲ್ಕು ಮಂದಿ ಕೇಳಿದರೆ ಅವರೂ ಕಂಪನಿಯವರನ್ನು ಕೇಳುತ್ತಾರೆ.